ಅಂಕಿಗಳ ಮಾತು ಕೇಳುವ ಲೇತ್

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವುದನ್ನು ನೀವು ನೋಡಿರಬಹುದು. ಮರದ ತುಂಡು ಗಿರ್ರನೆ ತಿರುಗುತ್ತದೆ. ಕುಶಲಕರ್ಮಿ ಅದಕ್ಕೆ ಉಳಿ ಹಿಡಿಯುತ್ತಾರೆ. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರ ಕಣ್ಣು, ಕೈಗಳೇ ನಿರ್ಧರಿಸುತ್ತವೆ. ಅದೇ ಸೀಮೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆಗಳಲ್ಲಿ ಲೋಹಕ್ಕೆ ಕಡಚಲು ಹಿಡಿಯುವ ತತ್ತ್ವವೂ ಇದೇ. ಆದರೆ ಸಿಎನ್‌ಸಿ, ಅಂದರೆ ಗಣಕ ನಿಯಂತ್ರಿತ ಲೇತಿನಲ್ಲಿ ಆ ನಿರ್ಧಾರಗಳನ್ನೆಲ್ಲ ಮೊದಲೇ ಅಂಕಿಗಳಲ್ಲಿ ಬರೆದುಕೊಡಬೇಕು.

ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂಐಟಿ ಸಂಸ್ಥೆ 1952ರಲ್ಲಿ ಪ್ರದರ್ಶಿಸಿತು. ಅದಕ್ಕೆ ಆಜ್ಞೆಗಳು ರಂಧ್ರ ಮಾಡಿದ ಪಟ್ಟಿಯ ಮೂಲಕ ಹೋಗುತ್ತಿದ್ದವು. ಮರುವರ್ಷ ಬೆಂಗಳೂರಿನಲ್ಲಿ ಎಚ್‌ಎಂಟಿ ಸ್ಥಾಪನೆಯಾಯಿತು.

ಎರಡು ಅಕ್ಷಗಳು

ಸಾಮಾನ್ಯ ಸಿಎನ್‌ಸಿ ಲೇತಿನಲ್ಲಿ ಉಳಿ ಎರಡು ದಿಕ್ಕಿನಲ್ಲಿ ಚಲಿಸುತ್ತದೆ. ಸರಳಿನ ಉದ್ದಕ್ಕೆ ಸಾಗುವುದು ಝಡ್ ಅಕ್ಷ. ಅಡ್ಡಲಾಗಿ ಸಾಗುವುದು ಎಕ್ಸ್ ಅಕ್ಷ. ಎಕ್ಸ್ ಅಂಕಿಯನ್ನು ಸಾಮಾನ್ಯವಾಗಿ ವ್ಯಾಸದಲ್ಲಿ ಕೊಡುತ್ತಾರೆ. ಸರಳಿನ ಮುಂಬದಿಯ ಕೇಂದ್ರವನ್ನು ಸೊನ್ನೆ ಎಂದು ಹಿಡಿಯೋಣ. 40 ಮಿ.ಮೀ. ವ್ಯಾಸದ ಸರಳನ್ನು 60 ಮಿ.ಮೀ. ಉದ್ದಕ್ಕೆ 38 ಮಿ.ಮೀ.ಗೆ ಇಳಿಸಲು ಮುಖ್ಯವಾದ ಸಾಲುಗಳು ಎರಡು:

ಜಿ00 ಎಕ್ಸ್38.0 ಝಡ್2.0
ಜಿ01 ಝಡ್-60.0 ಎಫ್0.2

ಜಿ00 ಎಂದರೆ ವೇಗವಾಗಿ ಆ ಜಾಗಕ್ಕೆ ಹೋಗು. ಜಿ01 ಎಂದರೆ ನೇರವಾಗಿ ಕತ್ತರಿಸುತ್ತಾ ಸಾಗು. ಎಫ್ ಎಂಬುದು ಫೀಡ್: ಇಲ್ಲಿ ಸರಳು ಒಂದು ಸುತ್ತು ತಿರುಗಿದಾಗ ಉಳಿ 0.2 ಮಿ.ಮೀ. ಮುಂದೆ ಸಾಗುತ್ತದೆ.

ಎಷ್ಟು ವೇಗ?

ಮೆದು ಉಕ್ಕಿಗೆ ಕಾರ್ಬೈಡ್ ಉಳಿಯಿಂದ ನಿಮಿಷಕ್ಕೆ 120 ಮೀಟರ್ ಕಡಿತದ ವೇಗ ಇಟ್ಟುಕೊಳ್ಳೋಣ. ಇದನ್ನು 1000ದಿಂದ ಗುಣಿಸಿ, ಪೈ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 955 ಸುತ್ತು ಬರುತ್ತದೆ. 60 ಮಿ.ಮೀ. ಕತ್ತರಿಸಲು 300 ಸುತ್ತು, ಅಂದರೆ ಸುಮಾರು 19 ಸೆಕೆಂಡು ಸಾಕು.

ಒಂದು ಚುಕ್ಕಿಯ ಬೆಲೆ

ಈಗ ಮೊದಲ ಸಾಲಿನಲ್ಲಿ 38ರ ಮುಂದಿನ ದಶಮಾಂಶ ಚುಕ್ಕಿ ಬಿಟ್ಟುಹೋಯಿತೆನ್ನಿ. ಚುಕ್ಕಿಯಿಲ್ಲದ ಅಂಕಿಯನ್ನು ಹಲವು ಯಂತ್ರಗಳು ಮಿಲಿಮೀಟರಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಓದುತ್ತವೆ. ಆಗ 38 ಎಂಬುದು 0.038 ಮಿ.ಮೀ. ಆಗುತ್ತದೆ! ಉಳಿ ಸರಳಿನ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ಮುಂದಿನ ಸಾಲಿನಲ್ಲಿ 1 ಮಿ.ಮೀ. ಆಳ ಕತ್ತರಿಸಬೇಕಾದದ್ದು ಸುಮಾರು 20 ಮಿ.ಮೀ. ಆಳಕ್ಕೆ ನುಗ್ಗುತ್ತದೆ. ಉಳಿ ಮುರಿಯಬಹುದು, ಸರಳು ಚಕ್ಕಿನಿಂದ ಕಿತ್ತುಬರಬಹುದು. ಬೊಂಬೆ ಮಾಡುವವರ ಕೈ ತಕ್ಷಣ ಹಿಂದೆ ಸರಿಯುತ್ತದೆ. ಯಂತ್ರವಾದರೋ ಬರೆದದ್ದನ್ನೇ ಮಾಡುತ್ತದೆ.

ಆದ್ದರಿಂದ ಹೊಸ ಪ್ರೋಗ್ರಾಮನ್ನು ಮೊದಲು ಪರದೆಯ ಮೇಲೆ ಚಿತ್ರವಾಗಿ ನೋಡಬೇಕು. ಬಳಿಕ ಬಾಗಿಲು ಮುಚ್ಚಿ, ಸರಳಿಲ್ಲದೆ, ಒಂದೊಂದೇ ಸಾಲಾಗಿ ನಡೆಸಿ ಪರೀಕ್ಷಿಸಬೇಕು. ಗುಂಡಿ ಒತ್ತುವುದನ್ನು ಬೇಗ ಕಲಿಯಬಹುದು. ಅಂಕಿಯನ್ನು ಕಂಡೊಡನೆ ಉಳಿ ಎಲ್ಲಿರುತ್ತದೆಂದು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದೇ ನಿಜವಾದ ವಿದ್ಯೆ.

ನೀವೇ ಮಾಡಿ ನೋಡಿ: ಕಡಿತದ ವೇಗ ಅಷ್ಟೇ ಇದ್ದು, ಸರಳಿನ ವ್ಯಾಸ 20 ಮಿ.ಮೀ. ಆದರೆ ನಿಮಿಷಕ್ಕೆ ಎಷ್ಟು ಸುತ್ತು ಬೇಕು? ಏಕೆ?