ಕನ್ನಡದಲ್ಲಿ ಮೊದಲ ಜಾಲತಾಣ ರಚಿಸುವವರಿಗೆ ಮಾಹಿತಿ

ಸಹಕಾರ ಸಂಘಗಳು, ಸ್ವಸಹಾಯ ಗುಂಪುಗಳು, ಶಾಲೆಗಳು ಹಾಗೂ ಸಣ್ಣ ಉದ್ದಿಮೆದಾರರು ಸ್ವಂತ ಜಾಲತಾಣ ಹೊಂದಲು ಮುಂದಾಗುತ್ತಿದ್ದಾರೆ. ತಾಣದಲ್ಲಿನ ಮಾಹಿತಿಯನ್ನು ನಂಬಿ ಹೊರಟ ಅರ್ಜಿದಾರರು ದಾಖಲೆ ಸಾಲದೆ ಹಿಂದಿರುಗಿದಲ್ಲಿ ಅವರಿಗೆ ಒಂದು ದಿನದ ಕೂಲಿ ಹಾಗೂ ಬಸ್ಸಿನ ಖರ್ಚು ನಷ್ಟವಾಗುತ್ತದೆ. ಆದ್ದರಿಂದ ತಾಣವು ಅಂದವಾಗಿರುವುದಕ್ಕಿಂತಲೂ ಎಲ್ಲರಿಗೂ ಓದಲು ಬರುವಂತಿರುವುದು ಮುಖ್ಯ. ಪ್ರಥಮ ಬಾರಿಗೆ ತಾಣ ರಚಿಸುವವರ ತಿಳಿವಳಿಕೆಗಾಗಿ ಈ ಕೆಳಗಿನ ಅಂಶಗಳನ್ನು ನೀಡಲಾಗಿದೆ.

1. ಜಾಲತಾಣ ಎಂದರೇನು?
ಜಾಲತಾಣಕ್ಕೆ ಮೂರು ಅಂಗಗಳಿವೆ: ಎಚ್‌ಟಿಎಂಎಲ್‌ನಲ್ಲಿ ಬರೆದ ಪುಟಗಳು, ಆ ಪುಟಗಳನ್ನು ಇರಿಸುವ ಸರ್ವರ್ ಹಾಗೂ ತಾಣದ ವಿಳಾಸವಾದ ಡೊಮೈನ್ ಹೆಸರು. ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಸಂಸ್ಥೆಯಲ್ಲಿ ರೂಪಿಸಿ, 1991ರಲ್ಲಿ ಸಾರ್ವಜನಿಕರಿಗೆ ತೆರೆದ ಪ್ರಪಂಚದ ಮೊದಲ ಜಾಲತಾಣದಲ್ಲಿ ಪಠ್ಯ ಮತ್ತು ಕೊಂಡಿಗಳು ಮಾತ್ರ ಇದ್ದವು. ಇಂದಿಗೂ ನೋಟ್‌ಪ್ಯಾಡ್‌ನಲ್ಲಿಯೇ ಅಂತಹ ಸರಳ ಪುಟವನ್ನು ಸಿದ್ಧಪಡಿಸಬಹುದಾಗಿದೆ.

2. ಮೊದಲು ಕಾಗದದ ಮೇಲೆ
ತಾಣಕ್ಕೆ ಯಾರು ಬರುತ್ತಾರೆ, ಏನನ್ನು ಕೇಳುತ್ತಾರೆ ಎಂಬುದನ್ನು ಮೊದಲು ಪಟ್ಟಿ ಮಾಡಿಕೊಳ್ಳತಕ್ಕದ್ದು. ಉದಾಹರಣೆಗೆ, ಹಾಲು ಉತ್ಪಾದಕರ ಸಂಘದ ತಾಣಕ್ಕೆ ಬರುವವರು ಹಾಲಿನ ದರ, ಹಣ ಪಾವತಿಯ ದಿನ ಮತ್ತು ಸದಸ್ಯತ್ವಕ್ಕೆ ಬೇಕಾದ ದಾಖಲೆಗಳನ್ನು ತಿಳಿಯಬಯಸುತ್ತಾರೆ. ಈ ಮೂರೂ ಮುಖಪುಟದಲ್ಲಿಯೇ ದೊರೆಯಬೇಕು. ಪದಾಧಿಕಾರಿಗಳ ಭಾವಚಿತ್ರ ಹಾಗೂ ಸ್ವಾಗತ ಸಂದೇಶಗಳನ್ನು ಒಳಪುಟದಲ್ಲಿ ಇರಿಸಬಹುದು.

3. ಅಕ್ಷರ ಸಂಕೇತ
ಹಿಂದೆ ಬಳಕೆಯಲ್ಲಿದ್ದ ಅನೇಕ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಮುಂತಾದ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ಜೋಡಿಸಿದ್ದವು. ಓದುಗರ ಗಣಕಯಂತ್ರದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಇಡೀ ಪುಟವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣಿಸುತ್ತಿತ್ತು. ಕನ್ನಡ ಪದವನ್ನು ಬೆರಳಚ್ಚಿಸಿ ಹುಡುಕಿದರೂ ಸಿಗುತ್ತಿರಲಿಲ್ಲ. 1991ರಲ್ಲಿ ಹೊರಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳನ್ನು ನಿಗದಿಪಡಿಸಲಾಗಿದೆ. ಆದುದರಿಂದ ಪುಟಗಳನ್ನು ಯುನಿಕೋಡ್‌ನಲ್ಲಿಯೇ ಬರೆದು, ಕಡತವನ್ನು ಯುಟಿಎಫ್-8 ಕ್ರಮದಲ್ಲಿ ಉಳಿಸಿ, ಪುಟದ ತಲೆಭಾಗದಲ್ಲಿ ಅದನ್ನು ನಮೂದಿಸತಕ್ಕದ್ದು.

ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ಬದಲಾಯಿಸಬಹುದು. ಆದರೆ ಪರಿವರ್ತನೆಯಲ್ಲಿ ಒತ್ತಕ್ಷರ ಹಾಗೂ ಅರ್ಕಾವೊತ್ತುಗಳು ಕೆಡುವ ಸಂಭವವಿರುವುದರಿಂದ ಮೂಲ ಪ್ರತಿಯೊಂದಿಗೆ ತಾಳೆ ನೋಡುವುದು ಅವಶ್ಯಕ. ವಿಶೇಷವಾಗಿ ಹೆಸರು, ದಿನಾಂಕ ಮತ್ತು ಮೊತ್ತಗಳನ್ನು ಎರಡು ಬಾರಿ ಪರಿಶೀಲಿಸಬೇಕು.

4. ಪ್ರಕಟಣೆಗಳು ಚಿತ್ರರೂಪದಲ್ಲಿ ಬೇಡ
ಸಹಿ ಮಾಡಿದ ಪ್ರಕಟಣೆಯನ್ನು ಸ್ಕ್ಯಾನ್ ಮಾಡಿ ಹಾಕುವುದು ಸುಲಭವೆನಿಸುತ್ತದೆ. ಆದರೆ ದೃಷ್ಟಿ ವಿಕಲಚೇತನರು ಬಳಸುವ ಪರದೆ ಓದುವ ತಂತ್ರಾಂಶಕ್ಕೆ ಬೇಕಾದ ಪಠ್ಯ ಅಂತಹ ಚಿತ್ರದಲ್ಲಿ ಇರುವುದಿಲ್ಲ. ಮೊಬೈಲ್‌ನಲ್ಲಿ ಅಕ್ಷರಗಳೂ ಕಿರಿದಾಗಿ ಕಾಣುತ್ತವೆ. ಸ್ಕ್ಯಾನ್ ಪ್ರತಿಯ ಜೊತೆಗೆ ಅದರ ಪಠ್ಯವನ್ನೂ ಬೆರಳಚ್ಚು ಮಾಡಿ ನೀಡತಕ್ಕದ್ದು.

5. ಡೊಮೈನ್ ಹೆಸರು ಮತ್ತು ನವೀಕರಣ
‘.ಇನ್’ ಹಾಗೂ ಕನ್ನಡ ಲಿಪಿಯ ‘.ಭಾರತ’ ಹೆಸರುಗಳ ನಿರ್ವಹಣೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಸಂಸ್ಥೆಯದಾಗಿದ್ದು, ಮಾನ್ಯತೆ ಪಡೆದ ನೋಂದಣಿದಾರರ ಮೂಲಕ ಇವುಗಳನ್ನು ಪಡೆಯಬಹುದು. ಹೆಸರನ್ನು ತಾಣ ರಚಿಸಿಕೊಟ್ಟವರ ಹೆಸರಿನಲ್ಲಿ ನೋಂದಾಯಿಸದೆ ಸಂಸ್ಥೆಯ ಹೆಸರಿನಲ್ಲಿಯೇ ನೋಂದಾಯಿಸಬೇಕು. ನೋಂದಣಿಗೆ ಅವಧಿಯಿರುತ್ತದೆ. ಸಕಾಲದಲ್ಲಿ ನವೀಕರಿಸದಿದ್ದಲ್ಲಿ ಹೆಸರು ಬೇರೆಯವರ ಪಾಲಾಗಬಹುದು. ತಮ್ಮ ವಿಳಾಸವನ್ನು ನಂಬಿ ಬಂದವರು ಅಪರಿಚಿತರ ತಾಣವನ್ನು ತಲುಪುತ್ತಾರೆ. ಆದ್ದರಿಂದ ನವೀಕರಣದ ದಿನಾಂಕವನ್ನು ಸಂಸ್ಥೆಯ ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಕ್ಷೇಮಕರ.

6. ಪ್ರಕಟಿಸುವ ಮುನ್ನ
ತಾಣದ ಪರಿಚಯವಿಲ್ಲದ ಒಬ್ಬರ ಕೈಗೆ ಮೊಬೈಲ್ ಕೊಟ್ಟು, ಬೇಕಾದ ದಾಖಲೆಗಳ ಪಟ್ಟಿಯನ್ನು ಹುಡುಕಲು ಹೇಳಿ. ಅವರು ತಡವರಿಸಿದಲ್ಲಿ ಪುಟವನ್ನು ತಿದ್ದುವುದು ಸೂಕ್ತ. ಪ್ರತಿ ಪುಟದಲ್ಲಿಯೂ ಕೊನೆಯದಾಗಿ ಪರಿಷ್ಕರಿಸಿದ ದಿನಾಂಕವನ್ನು ನಮೂದಿಸತಕ್ಕದ್ದು. ದರ ಅಥವಾ ನಿಯಮ ಬದಲಾದ ದಿನವೇ ಪುಟವೂ ಬದಲಾಗಬೇಕು. ಹಳೆಯ ಮಾಹಿತಿಯು ಮಾಹಿತಿಯೇ ಇಲ್ಲದಿರುವುದಕ್ಕಿಂತ ಹೆಚ್ಚಿನ ತೊಂದರೆಯನ್ನುಂಟುಮಾಡುತ್ತದೆ.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.