ಚಳ್ಳಕೆರೆಯ ಕಾವಲಿಗೆ ಇಳಿದ ಪುಷ್ಪಕ

2024ರ ಜೂನ್ 24, ಸೋಮವಾರ. ಒಂಬತ್ತನೇ ತರಗತಿಗೆ ಕಾಲಿಟ್ಟೊಡನೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸಾರ್, ನಿನ್ನೆ ನಮ್ಮ ತಾಲ್ಲೂಕಿನಾಗೆ ಇಸ್ರೋದವರ ರಾಕೆಟ್ ವಿಮಾನ ಇಳಿದೈತಂತೆ. ಪೇಪರ್‌ನಾಗೆ ಬಂದೈತೆ. ನಾವ್ಯಾಕೆ ನೋಡ್ಲಿಲ್ಲ?”

ನಾನು ಉತ್ತರ ಹುಡುಕುತ್ತಿರುವಾಗಲೇ ಮುಂದಿನ ಸಾಲಿನ ಹುಡುಗಿ ಕೇಳಿದಳು: “ಅದರಾಗೆ ಯಾರೂ ಕೂತಿರ್ಲಿಲ್ವಂತೆ. ಮತ್ತೆ ಇಳಿಸಿದ್ದು ಯಾರು ಸಾರ್?”

ಎರಡೂ ಒಳ್ಳೆಯ ಪ್ರಶ್ನೆಗಳೇ. ಎರಡನೆಯದು ವಿಜ್ಞಾನಕ್ಕೆ ಸೇರಿದ್ದು; ಅದಕ್ಕೆ ಉತ್ತರ ಹೇಳುವುದು ಸುಲಭ. ಮೊದಲನೆಯದು ಕಷ್ಟದ್ದು. ಅದನ್ನು ಕೊನೆಗೆ ಇಟ್ಟುಕೊಳ್ಳೋಣ.

ಆಕಾಶದಲ್ಲಿ ಕೈಬಿಟ್ಟರು

ಪರಶುರಾಂಪುರದ ನಮಗೆ ತಾಲ್ಲೂಕು ಕೇಂದ್ರವಾದ ಚಳ್ಳಕೆರೆ ಎಂದರೆ ಶೇಂಗಾ ಮಾರುಕಟ್ಟೆ, ಎಣ್ಣೆ ಮಿಲ್ಲು. ಅದೇ ತಾಲ್ಲೂಕಿನ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ (ಡಿ.ಆರ್.ಡಿ.ಒ.) ವೈಮಾನಿಕ ಪರೀಕ್ಷಾ ಕೇಂದ್ರವಿದೆ. ಸುಮಾರು 4,290 ಎಕರೆಯ ಈ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾಯಿತು. ಇಸ್ರೋ ತನ್ನ ‘ಪುಷ್ಪಕ್’ ಎಂಬ ರೆಕ್ಕೆಯ ವಾಹನವನ್ನು ಮೂರು ಬಾರಿ ಇಳಿಸಿ ನೋಡಿದ್ದು ಇಲ್ಲಿನ ರನ್‌ವೇ ಮೇಲೆ.

ಜೂನ್ 23ರ ಭಾನುವಾರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಪುಷ್ಪಕ್ ಅನ್ನು ಹೊಟ್ಟೆಯಡಿ ತೂಗುಹಾಕಿಕೊಂಡು ಮೇಲೇರಿತು. ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ, ರನ್‌ವೇಯಿಂದ ನಾಲ್ಕೂವರೆ ಕಿ.ಮೀ. ದೂರದಲ್ಲಿ, 7 ಗಂಟೆ 10 ನಿಮಿಷಕ್ಕೆ ಅದನ್ನು ಕೈಬಿಟ್ಟಿತು. ಅದೂ ನೇರ ಸಾಲಿನಲ್ಲಲ್ಲ. ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಸರಿದು. ಪುಷ್ಪಕ್‌ನಲ್ಲಿ ಆಗ ಓಡುವ ಎಂಜಿನ್ ಇರಲಿಲ್ಲ, ಪೈಲಟ್ ಇರಲಿಲ್ಲ. ಅದು ತಾನೇ ದಾರಿ ತಿದ್ದಿಕೊಂಡು, ಗಾಳಿಯ ಹೊಡೆತ ತಾಳಿಕೊಂಡು, ರನ್‌ವೇಯ ನಡುಗೆರೆಯ ಮೇಲೆ ಬಂದಿಳಿಯಿತು.

ಮೊದಲ ಪರೀಕ್ಷೆ 2023ರ ಏಪ್ರಿಲ್ 2ರಂದು ನಡೆದಿತ್ತು. ಅಂದು ನೇರ ಸಾಲಿನಲ್ಲೇ ಬಿಟ್ಟಿದ್ದರು. 2024ರ ಮಾರ್ಚ್ 22ರ ಎರಡನೆಯದರಲ್ಲಿ 150 ಮೀಟರ್ ಪಕ್ಕಕ್ಕೆ. ಮೂರನೆಯದರಲ್ಲಿ 500 ಮೀಟರ್, ಜೊತೆಗೆ ಜೋರು ಗಾಳಿ. ಕಿರುಪರೀಕ್ಷೆ, ಅರ್ಧವಾರ್ಷಿಕ, ವಾರ್ಷಿಕ ಎಂದು ನಾವು ಪ್ರಶ್ನೆಪತ್ರಿಕೆಯನ್ನು ಕಠಿಣ ಮಾಡುತ್ತ ಹೋಗುವುದಿಲ್ಲವೇ, ಹಾಗೆ. ಮೂರು ಬಾರಿಯೂ ಇಳಿದದ್ದು ಒಂದೇ ಒಡಲು. ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನದ ಕನಸಿಗೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಎಸೆದ ಕಲ್ಲು, ಸುತ್ತುವ ಚಂದ್ರ

ಪುಷ್ಪಕ್ ಇಂದು ಪ್ರಯಾಣಿಕರನ್ನು ಒಯ್ಯುವ ವಾಹನವಲ್ಲ. ಆದರೆ ಅದು ಕಲಿಯುತ್ತಿರುವ ಪಾಠವೇ ಪ್ರಯಾಣಿಕರ ಬಾಹ್ಯಾಕಾಶ ವಿಮಾನಗಳೂ ಕಲಿಯಬೇಕಾದ ಪಾಠ. ಅದನ್ನು ತಿಳಿಯಲು ಮೊದಲು ಒಂದು ವ್ಯತ್ಯಾಸ ಗೊತ್ತಿರಬೇಕು.

ಕಲ್ಲೊಂದನ್ನು ಮೇಲಕ್ಕೆ ಎಸೆಯಿರಿ. ಏರುತ್ತದೆ, ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಬೀಳುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅದೇ ಕಲ್ಲನ್ನು ಸೆಕೆಂಡಿಗೆ 1.4 ಕಿ.ಮೀ. ವೇಗದಲ್ಲಿ ಎಸೆದರೆ ಅದು 100 ಕಿ.ಮೀ. ಎತ್ತರ ಮುಟ್ಟಿ ಹಿಂದಿರುಗುತ್ತದೆ. ಬಾಹ್ಯಾಕಾಶದ ಹೊಸ್ತಿಲು ಎಂದು ಸಾಮಾನ್ಯವಾಗಿ ಎಣಿಸುವುದು ಆ ಎತ್ತರವನ್ನೇ. ಅಮೆರಿಕದವರು 80 ಕಿ.ಮೀ. ಎನ್ನುತ್ತಾರೆ. ಹೀಗೆ ಹೊಸ್ತಿಲು ಮುಟ್ಟಿ ಮರಳುವುದೇ ಉಪಕಕ್ಷೀಯ ಹಾರಾಟ. ಭೂಮಿಯನ್ನು ಸುತ್ತುತ್ತಲೇ ಇರಬೇಕಾದರೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು. ಶಕ್ತಿಯ ಲೆಕ್ಕ ಹಾಕಿದರೆ ಪ್ರತಿ ಕಿಲೋಗ್ರಾಂಗೆ ಹೆಚ್ಚುಕಡಿಮೆ 30 ಪಟ್ಟು. ಆದ್ದರಿಂದಲೇ ಖಾಸಗಿಯವರು ಮೊದಲು ಹೊಸ್ತಿಲಿಗೆ ಕೈಹಾಕಿದ್ದು.

2004ರ ಜೂನ್ 21ರಂದು ಅಮೆರಿಕದ ಮೊಹಾವಿ ಮರುಭೂಮಿಯಿಂದ ಹೊರಟ ‘ಸ್ಪೇಸ್‌ಶಿಪ್‌ಒನ್’ ಎಂಬ ಪುಟ್ಟ ವಿಮಾನ ಮೈಕ್ ಮೆಲ್ವಿಲ್ ಅವರನ್ನು 100 ಕಿ.ಮೀ. ಮೀರಿ ಒಯ್ದು ಮರಳಿ ತಂದಿತು. ಅದೇ ವರ್ಷ ಸೆಪ್ಟೆಂಬರ್ 29 ಮತ್ತು ಅಕ್ಟೋಬರ್ 4ರಂದು ಮತ್ತೆರಡು ಬಾರಿ ಹಾರಿ ಒಂದು ಕೋಟಿ ಡಾಲರ್ ಬಹುಮಾನ ಗೆದ್ದಿತು. ಅದರ ದೊಡ್ಡ ಕೂಸು ‘ಸ್ಪೇಸ್‌ಶಿಪ್‌ಟೂ’. 2021ರ ಜುಲೈ 11ರಂದು ಅದರಲ್ಲಿ ಕಂಪನಿಯ ಸ್ಥಾಪಕ ರಿಚರ್ಡ್ ಬ್ರಾನ್ಸನ್ ಜೊತೆ ಹೋದವರಲ್ಲಿ ನಮ್ಮ ನೆರೆಯ ಆಂಧ್ರದಲ್ಲಿ ಹುಟ್ಟಿದ ಶಿರೀಷಾ ಬಂಡ್ಲಾ ಕೂಡ ಒಬ್ಬರು. 2023ರ ಜೂನ್‌ನಲ್ಲಿ ಅದರ ವಾಣಿಜ್ಯ ಪ್ರಯಾಣ ಆರಂಭವಾಯಿತು. 2024ರ ಜೂನ್ 8ರ ಹಾರಾಟದ ನಂತರ, ಹೊಸ ಮಾದರಿ ಕಟ್ಟುವ ಸಲುವಾಗಿ ಆ ವಿಮಾನಕ್ಕೆ ನಿವೃತ್ತಿ ಕೊಟ್ಟರು.

ಇವೂ ನೆಲದಿಂದ ನೇರ ಹಾರಿದವಲ್ಲ. ಪುಷ್ಪಕ್ ಅನ್ನು ಚಿನೂಕ್ ಹೊತ್ತಂತೆ, ಇವನ್ನು ತಾಯಿ ವಿಮಾನವೊಂದು ಸುಮಾರು 15 ಕಿ.ಮೀ. ಎತ್ತರಕ್ಕೆ ಹೊತ್ತು ಕೈಬಿಡುತ್ತಿತ್ತು. ಬಳಿಕ ರಾಕೆಟ್ ಒಂದು ನಿಮಿಷದಷ್ಟು ಉರಿದು ಆರುತ್ತಿತ್ತು. ಉಳಿದದ್ದೆಲ್ಲ ಎಸೆದ ಕಲ್ಲಿನ ಓಟ.

ತೇಲುವುದೇಕೆ?

ಆ ತುದಿಯಲ್ಲಿ ಪ್ರಯಾಣಿಕರು ಕೆಲವು ನಿಮಿಷ ತೇಲುತ್ತಾರೆ. “ಅಲ್ಲಿ ಗುರುತ್ವಾಕರ್ಷಣೆ ಇಲ್ಲ” ಎಂದು ಬರೆದರೆ ಅಂಕ ಸಿಗದು. 100 ಕಿ.ಮೀ. ಎತ್ತರದಲ್ಲಿ ಗುರುತ್ವ ಕಡಿಮೆಯಾಗುವುದು ನೂರಕ್ಕೆ ಮೂರರಷ್ಟು ಮಾತ್ರ. ವಿಮಾನ ಮತ್ತು ಪ್ರಯಾಣಿಕರು ಒಂದೇ ರೀತಿಯಲ್ಲಿ ಒಟ್ಟಿಗೆ ಬೀಳುತ್ತಿರುವುದರಿಂದ ಕುರ್ಚಿ ದೇಹವನ್ನು ಒತ್ತುವುದಿಲ್ಲ. ಅದಕ್ಕೇ ತೂಕವಿಲ್ಲ ಎನಿಸುತ್ತದೆ.

ಮನೆಯಲ್ಲೇ ಮಾಡಿ ನೋಡಿ. ಖಾಲಿ ಪ್ಲಾಸ್ಟಿಕ್ ಬಾಟಲಿಯ ಬುಡದ ಬದಿಗೆ ಮೊಳೆಯಿಂದ ತೂತು ಮಾಡಿ, ತೂತಿಗೆ ಬೆರಳಿಟ್ಟು ನೀರು ತುಂಬಿ. ಮುಚ್ಚಳ ಹಾಕಬೇಡಿ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ. ಈಗ ಎತ್ತರದಿಂದ ಬಾಟಲಿಯನ್ನು ಕೈಬಿಡಿ. ಅದು ಬೀಳುತ್ತಿರುವಷ್ಟು ಹೊತ್ತು ತೂತಿನಿಂದ ನೀರು ಬಾರದು! ಲಕ್ಷಾಂತರ ಡಾಲರ್ ಕೊಟ್ಟು ಪಡೆಯುವ ಅನುಭವ ನಿಮ್ಮ ಬಾಟಲಿಗೆ ಅರೆ ಸೆಕೆಂಡು ಬಿಟ್ಟಿಯಾಗಿ ಸಿಕ್ಕಿತು.

ಒಂದೇ ಅವಕಾಶ

ಏರುವುದಕ್ಕೆ ರಾಕೆಟ್ಟಿನ ಬಲ ಬೇಕು. ಇಳಿಯುವುದಕ್ಕೆ ಬುದ್ಧಿ ಬೇಕು. ಎಂಜಿನ್ ಇರುವ ವಿಮಾನಕ್ಕೆ ರನ್‌ವೇ ತಪ್ಪಿದರೆ ಮತ್ತೊಂದು ಸುತ್ತು ಹಾಕಿ ಬರಬಹುದು. ಇಂಧನ ಮುಗಿದ ಬಾಹ್ಯಾಕಾಶ ವಿಮಾನಕ್ಕೆ ಎರಡನೇ ಸುತ್ತಿಲ್ಲ.

ಪ್ರಯಾಣಿಕ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತದೆ. ಅಂದರೆ ಒಂದು ಕಿ.ಮೀ. ಕೆಳಗಿಳಿಯಲು 19 ಕಿ.ಮೀ. ಮುಂದೆ ಸಾಗುತ್ತದೆ. ನಮ್ಮ ಸೀಮೆ ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸಿನಲ್ಲಿದೆ. ಅದನ್ನು ಕಳೆದರೆ ಪುಷ್ಪಕ್ ಇಳಿಯಬೇಕಾಗಿದ್ದದ್ದು ನಾಲ್ಕು ಕಿ.ಮೀ.ಗೆ ತುಸು ಕಡಿಮೆ. ಅಷ್ಟು ಎತ್ತರವನ್ನು ಪ್ರಯಾಣಿಕ ವಿಮಾನ ಮೂರು ಡಿಗ್ರಿಯಲ್ಲಿ ಇಳಿಯಲು 75 ಕಿ.ಮೀ. ದೂರದಿಂದ ಶುರುಮಾಡಬೇಕು. ಪುಷ್ಪಕ್‌ಗೆ ಕೊಟ್ಟದ್ದು ನಾಲ್ಕೂವರೆ ಕಿ.ಮೀ.!

ರೆಕ್ಕೆ ಚಿಕ್ಕದಾದಷ್ಟೂ ವಾಹನವನ್ನು ಎತ್ತಿ ಹಿಡಿಯಲು ವೇಗ ಹೆಚ್ಚು ಬೇಕು. ಆದ್ದರಿಂದ ಪುಷ್ಪಕ್ ನೆಲ ಮುಟ್ಟಿದ್ದು ಗಂಟೆಗೆ 320 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ. ಪ್ರಯಾಣಿಕ ವಿಮಾನ ಸುಮಾರು 260ಕ್ಕೆ, ಯುದ್ಧವಿಮಾನ 280ಕ್ಕೆ ಇಳಿಯುತ್ತವೆ. ನೆಲ ಮುಟ್ಟಿದ ಕೂಡಲೇ ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿ ವೇಗವನ್ನು 100 ಕಿ.ಮೀ. ಸುಮಾರಿಗೆ ತಂದಿತು. ಆಮೇಲೆ ಚಕ್ರದ ಬ್ರೇಕು. ಇಲ್ಲಿ ಹತ್ತನೇ ತರಗತಿಯವರಿಗೆ ಒಂದು ಲೆಕ್ಕ: ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ 3.2 ಪಟ್ಟು ಇಳಿದರೆ ಶಕ್ತಿ ಹತ್ತು ಪಟ್ಟು ಇಳಿಯಿತು. ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಚಕ್ರದ ಬ್ರೇಕು ಹಾಕುವ ಮುನ್ನವೇ ಕರಗಿಹೋಯಿತು. ಬ್ರೇಕಿಗೆ ಉಳಿದದ್ದು ಒಂದೇ ಪಾಲು.

ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಈಗ ಬಂತು. ಇಳಿಸಿದ್ದು ಗಣಕ. ಅದಕ್ಕೆ ಕಣ್ಣು ಕಿವಿಗಳಾದದ್ದು ಎತ್ತರ ಅಳೆಯುವ ರೇಡಾರ್, ವೇಗ ಮತ್ತು ದಿಕ್ಕಿನ ಬದಲಾವಣೆ ಗುರುತಿಸುವ ಜಡತ್ವ ಸಂವೇದಕ, ಮೈಮೇಲಿನ ಗಾಳಿಯ ಒತ್ತಡ ಓದುವ ಸಾಧನ, ನಮ್ಮದೇ ‘ನಾವಿಕ್’ ಉಪಗ್ರಹಗಳ ಸಂಕೇತ, ಮತ್ತು ಉಪಗ್ರಹದಂತೆ ಸಂಕೇತ ಕಳಿಸುವ ನೆಲದ ಮೇಲಿನ ಯಂತ್ರಗಳು. ಆ ಗಣಕಕ್ಕೆ ಇಳಿಯುವ ಪಾಠ ಹೇಳಿಕೊಟ್ಟವರು ಮಾತ್ರ ಮನುಷ್ಯರು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದ ಎಂಜಿನಿಯರುಗಳು ಮತ್ತು ಅವರ ಜೊತೆಗಾರರು.

ಬೀಳುವುದೂ ಪಾಠವೇ

ಇಳಿಯುವ ದಾರಿ ಎಷ್ಟು ಕ್ರೂರವೆಂಬುದು ನಮಗೆ ಗೊತ್ತಿರುವ ವಿಷಯ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಆರು ಸಂಗಾತಿಗಳು ಇದ್ದ ಕೊಲಂಬಿಯ ನೌಕೆ ಒಡೆದದ್ದು ಏರುವಾಗಲಲ್ಲ, ಮನೆಗೆ ಮರಳುವಾಗ. ಇಳಿಯಲು ಕಾಲು ಗಂಟೆಯಷ್ಟೇ ಉಳಿದಿತ್ತು. 2014ರ ಅಕ್ಟೋಬರ್ 31ರಂದು ಸ್ಪೇಸ್‌ಶಿಪ್‌ಟೂ ಪರೀಕ್ಷಾ ಹಾರಾಟದಲ್ಲಿ ಸಹ ಪೈಲಟ್ ಮೈಕೇಲ್ ಆಲ್ಸ್‌ಬರಿ ತೀರಿಕೊಂಡರು. ಇಳಿಯುವಾಗ ಶಟಲ್ ಕಾಕ್‌ನಂತೆ ಗಾಳಿಗೆ ತಡೆಯೊಡ್ಡಲು ಮೇಲೇಳುವ ಬಾಲದ ಬೀಗವನ್ನು ಏರುವಾಗಲೇ, ಕೆಲವೇ ಸೆಕೆಂಡು ಮುಂಚೆ ತೆಗೆದದ್ದು ಕಾರಣವಾಯಿತು. ಅಂಥದೊಂದು ಕೈತಪ್ಪು ನಡೆಯದಂತೆ ವಿನ್ಯಾಸದಲ್ಲೇ ಕಾಪು ಇರಬೇಕಿತ್ತೆಂದು ತನಿಖೆ ಹೇಳಿತು.

ನಮ್ಮ ಜಿಲ್ಲೆಯೂ ಇದನ್ನು ಕಂಡಿದೆ. ಚಳ್ಳಕೆರೆ ಕೇಂದ್ರದಲ್ಲಿ ಪರೀಕ್ಷೆಗೊಳಗಾಗುತ್ತಿದ್ದ ಪೈಲಟ್‌ರಹಿತ ವಿಮಾನಗಳು 2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗದ ಬಳಿಯ ಜೋಡಿಚಿಕ್ಕೇನಹಳ್ಳಿಯಲ್ಲಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯಲ್ಲಿ ಹೊಲಕ್ಕೆ ಬಿದ್ದವು. ಪುಣ್ಯಕ್ಕೆ ಯಾರ ಪ್ರಾಣಕ್ಕೂ ಕುತ್ತಾಗಲಿಲ್ಲ. ಅದಕ್ಕೇ ಪುಷ್ಪಕ್ ಅನ್ನು ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸುತ್ತಿದ್ದಾರೆ. 2016ರ ಮೇ 23ರಂದು ಇದರ ಅಣ್ಣನಂಥ ಮಾದರಿಯೊಂದು ಶ್ರೀಹರಿಕೋಟದಿಂದ ರಾಕೆಟ್ ಹೆಗಲೇರಿ 65 ಕಿ.ಮೀ. ಎತ್ತರ ಕಂಡು, ಶಬ್ದದ ಐದು ಪಟ್ಟು ವೇಗದಲ್ಲಿ ಕಾವು ತಾಳಿ, ಬಂಗಾಳ ಕೊಲ್ಲಿಗೆ ಇಳಿದಿತ್ತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಹಾಸನ ಜಿಲ್ಲೆಯ ಆಲೂರಿನವರಾದ ಎ.ಎಸ್. ಕಿರಣ್ ಕುಮಾರ್. ಮುಂದಿನ ಮೆಟ್ಟಿಲು ಕಕ್ಷೆಯಿಂದಲೇ ಮರಳಿ ರನ್‌ವೇಗೆ ಇಳಿಸುವುದು. ಜನರನ್ನು ಕೂರಿಸುವ ಮಾತು ಅದಕ್ಕೂ ಆಚೆಗಿನದು.

ಗೋಡೆಯ ಆಚೆ ಈಚೆ

ಇನ್ನು ಹುಡುಗನ ಪ್ರಶ್ನೆ. ನಾವ್ಯಾಕೆ ನೋಡಲಿಲ್ಲ? ಅದು ರಕ್ಷಣಾ ಪ್ರದೇಶ, ಎಲ್ಲರನ್ನೂ ಬಿಡುವುದಿಲ್ಲ ಎಂದೆ. ಅವನು ಸುಮ್ಮನಾಗಲಿಲ್ಲ. “ನಮ್ಮವ್ವನ ತವರು ಆ ಕಡೇದೇ ಸಾರ್. ನಮ್ಮಜ್ಜ ಆ ಕಾವಲಿನಾಗೆ ಕುರಿ ಮೇಯಿಸ್ತಿದ್ದ. ಈಗ ಗೋಡೆ ಐತೆ.”

ಅವನ ಮಾತಿನಲ್ಲಿ ಇತಿಹಾಸವಿದೆ. ಇವು ಅಮೃತ ಮಹಲ್ ಕಾವಲುಗಳು. ಮೈಸೂರು ಅರಸರ ಬೆಣ್ಣೆ ಚಾವಡಿಗೆ ಟಿಪ್ಪು ಕೊಟ್ಟ ಹೆಸರು ಅಮೃತ ಮಹಲ್. ಸೈನ್ಯದ ಫಿರಂಗಿ ಎಳೆಯುವ ಎತ್ತುಗಳು ಮೇಯಲೆಂದು ಕಾಯ್ದಿಟ್ಟ ಹುಲ್ಲುಗಾವಲು. ಕಾಲಾನಂತರ ಸುತ್ತಲ ಹಳ್ಳಿಗಳ ದನ, ಕುರಿ, ಕಂಬಳಿ ನೇಕಾರರ ಬದುಕು ಇದರ ಮೇಲೇ ನಿಂತಿತು. 2009-10ರ ಸುಮಾರಿಗೆ ಸುಮಾರು ಹತ್ತು ಸಾವಿರ ಎಕರೆ ಕಾವಲು ಡಿ.ಆರ್.ಡಿ.ಒ., ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಸಂದಿತು. ಹಳ್ಳಿಗರು ಪ್ರತಿಭಟಿಸಿದರು, ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ಇಂಥ ಕೇಂದ್ರ ಬೇಕು, ನಿಜ. ಅದರ ಬೆಲೆಯಲ್ಲಿ ಒಂದು ಪಾಲನ್ನು ಈ ಹುಡುಗನ ಅಜ್ಜ ತೆತ್ತಿದ್ದಾನೆ, ಅದೂ ಅಷ್ಟೇ ನಿಜ.

ಹಾಗಿದ್ದ ಮೇಲೆ ಆ ಜಾಗದಲ್ಲಿ ಹುಟ್ಟುವ ವಿದ್ಯೆಯಲ್ಲಿ ಅಜ್ಜನ ಮೊಮ್ಮಗನಿಗೂ ಪಾಲು ಬೇಡವೇ? ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅದು ಒಳ್ಳೆಯ ಬಾಗಿಲು. ಇನ್ನೂ ಒಂದೆರಡು ಬೇಕು. ಪುಷ್ಪಕ್‌ನ ಮಾದರಿಯೊಂದನ್ನು ವರ್ಷಕ್ಕೊಮ್ಮೆ ಹೋಬಳಿಯ ಶಾಲೆಗಳಿಗೆ ತಂದು ತೋರಿಸಿದರೆ, ಅದನ್ನು ಇಳಿಸಿದ ಎಂಜಿನಿಯರೊಬ್ಬರು ಕನ್ನಡದಲ್ಲಿ ಅರ್ಧ ಗಂಟೆ ಮಾತಾಡಿದರೆ ಯಾವ ರಹಸ್ಯವೂ ಸೋರುವುದಿಲ್ಲ.

ಪಾಲಕರಲ್ಲೂ ಒಂದು ಮಾತು. ಇಸ್ರೋ ಒಂಬತ್ತನೇ ತರಗತಿಯವರಿಗಾಗಿ 2019ರಲ್ಲಿ ‘ಯುವಿಕಾ’ ಎಂಬ ಶಿಬಿರ ಆರಂಭಿಸಿತು. ಆಯ್ಕೆಯಲ್ಲಿ ಹಳ್ಳಿಯ ಶಾಲೆಯವರಿಗೆ ವಿಶೇಷ ಅಂಕಗಳಿವೆ. ತಿರುವನಂತಪುರದಲ್ಲಿ ಬಾಹ್ಯಾಕಾಶ ವಿಜ್ಞಾನಕ್ಕೆಂದೇ ಕಾಲೇಜಿದೆ. ಅಲ್ಲಿಗೆ ಹೋಗಲಾಗದಿದ್ದರೂ ನಿರಾಶೆ ಬೇಡ: ಐ.ಟಿ.ಐ., ಡಿಪ್ಲೊಮಾ ಕಲಿತವರಿಗೂ ಇಸ್ರೋದಲ್ಲಿ ಕೆಲಸಗಳುಂಟು. ಪುಷ್ಪಕ್‌ನ ಒಂದೊಂದು ತಿರುಪನ್ನೂ ಯಾರೋ ಒಬ್ಬ ಫಿಟ್ಟರ್ ಬಿಗಿ ಮಾಡಿರುತ್ತಾನಲ್ಲವೇ?

ಅಂದು ಪಾಠ ಮುಗಿದಾಗ ಹುಡುಗ ಹಲಗೆಯ ಮೇಲಿದ್ದ ಲೆಕ್ಕವನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದ. 320ರ ವರ್ಗ, 100ರ ವರ್ಗ, ಭಾಗಾಕಾರ. ಉತ್ತರ ಹತ್ತೂ ಕಾಲು ಬಂತೆಂದು ತೋರಿಸಿದ. ಗೋಡೆಯೊಳಗೆ ಇಳಿದ ವಿಮಾನವನ್ನು ಅವನು ಕಣ್ಣಿನಿಂದ ನೋಡಿರಲಿಲ್ಲ. ಅದು ಹೇಗೆ ನಿಂತಿತೆಂಬುದು ಮಾತ್ರ ಅವನಿಗೆ ಗೊತ್ತಾಗಿತ್ತು.