ತಳದಲ್ಲಿ ಕೂತ ಗೋಬಿಗೆ ಕಾಯಿಲೆಯಿಲ್ಲ

ಚಾಮರಾಜನಗರ, ಗುಂಡ್ಲುಪೇಟೆ ನಡುವಿನ ಹರವೆ ಸುತ್ತಮುತ್ತ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿಸುವ ಬೋರ್‌ವೆಲ್ ನೀರು ಕಂಡು, ಇಲ್ಲಿ ಮೀನು ಬದುಕೀತೇ ಎಂದು ಅನುಮಾನಪಡುವವರುಂಟು. ಅಕ್ವೇರಿಯಂನ ಪುಟ್ಟ ಗೋಬಿ ಮೀನು ಸಾಯುವುದು ಹೆಚ್ಚಾಗಿ ಇಂಥ ಗಡಸು ನೀರಿನಿಂದಲ್ಲ, ಹಸಿವು ಮತ್ತು ಅಮೋನಿಯಾದಿಂದ. ಎರಡನ್ನೂ ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.

ತಪ್ಪು ಕಲ್ಪನೆ: ತಳದಲ್ಲೇ ಕೂತರೆ ಮೀನಿಗೆ ಕಾಯಿಲೆ.
ಸತ್ಯ: ಗೋಬಿಯ ಸ್ವಭಾವವೇ ಅದು. ಅನೇಕ ಗೋಬಿಗಳಿಗೆ ದೇಹವನ್ನು ತೇಲಿಸುವ ಗಾಳಿಚೀಲ ಇರುವುದಿಲ್ಲ. ಹೊಟ್ಟೆಯಡಿಯ ಎರಡು ಈಜುರೆಕ್ಕೆ ಕೂಡಿಕೊಂಡು ಬಟ್ಟಲಿನಂತಾಗಿರುತ್ತವೆ. ಅದರಿಂದ ಕಲ್ಲಿಗೆ, ಗಾಜಿಗೆ ಅಂಟಿ ನಿಲ್ಲುತ್ತವೆ. ಕಾಯಿಲೆಯ ಗುರುತು ಬೇರೆ: ಕಿವಿರಿನ ಬಡಿತ ಜೋರಾಗುತ್ತದೆ, ರೆಕ್ಕೆ ಮುದುಡುತ್ತದೆ, ಹೊಟ್ಟೆ ಒಳಸೇರುತ್ತದೆ.

ತಪ್ಪು ಕಲ್ಪನೆ: ಕಸ, ಪಾಚಿ ತಿಂದು ಬದುಕುತ್ತದೆ.
ಸತ್ಯ: ಪಾಚಿ ಹೆರೆದು ತಿನ್ನುವ ಗೋಬಿಗಳು ಕೆಲವೇ. ಅಂಗಡಿಯಲ್ಲಿ ಸಿಗುವ, ಮೂರ್ನಾಲ್ಕು ಸೆಂಟಿಮೀಟರ್ ಉದ್ದದ, ಕಪ್ಪು-ಹಳದಿ ಪಟ್ಟೆಯ ಬಂಬಲ್‌ಬೀ ಗೋಬಿ ಬೇಟೆಗಾರ. ಒಣ ಕಾಳು ಹಾಕಿದರೆ ಬಹಳ ಸಲ ಮೂಸಿಯೂ ನೋಡದು. ಒಂದು ಸೊಳ್ಳೆಮರಿ ಬಿಟ್ಟು ನೋಡಿ: ಮೊದಲು ಕಣ್ಣು ಹೊರಳುತ್ತದೆ, ಆಮೇಲೆ ಮೈ ತಿರುಗುತ್ತದೆ, ಚಿಕ್ಕದೊಂದು ನೆಗೆತ, ಮರಿ ಬಾಯೊಳಗೆ. ಶುದ್ಧ ನೀರಿನ ಸೊಳ್ಳೆಮರಿ ಕೊಡಿ, ಚರಂಡಿಯದು ಬೇಡ; ಆರ್ಟೀಮಿಯಾ, ಡ್ಯಾಫ್ನಿಯಾ ಎಂಬ ಪುಟ್ಟ ಜಲಜೀವಿಗಳನ್ನೂ ಕೊಡಬಹುದು. ತಿನ್ನುವಷ್ಟೇ ಬಿಡಿ, ಉಳಿದದ್ದು ಸೊಳ್ಳೆಯಾಗಿ ಹಾರುತ್ತದೆ.

ತಪ್ಪು ಕಲ್ಪನೆ: ಪುಟ್ಟ ಮೀನಿಗೆ ಗಾಜಿನ ಬೌಲ್ ಸಾಕು.
ಸತ್ಯ: ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ; ನೀರು ಕಡಿಮೆಯಿದ್ದಷ್ಟೂ ಬೇಗ ವಿಷವೇರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಪಾಲು ಸುಮಾರು 10 ಪಟ್ಟಾಗುತ್ತದೆ. ಗಡಸು ನೀರು ಸಾಮಾನ್ಯವಾಗಿ ಕ್ಷಾರೀಯ. ಆದ್ದರಿಂದ ನಮಗೆ ಎಚ್ಚರ ಹೆಚ್ಚು ಬೇಕು. ಆರೆಂಟು ಗೋಬಿಗಳಿಗೆ 40 ಲೀಟರ್ ತೊಟ್ಟಿ, ಸ್ಪಂಜ್ ಫಿಲ್ಟರ್, ಅಡಗಲು ಮಡಕೆಚೂರು ಇರಲಿ.

ತಪ್ಪು ಕಲ್ಪನೆ: ವಾರಕ್ಕೊಮ್ಮೆ ಎಲ್ಲ ನೀರು ಚೆಲ್ಲಿ ತೊಳೆಯಬೇಕು.
ಸತ್ಯ: ಅಮೋನಿಯಾವನ್ನು ನೈಟ್ರೈಟಾಗಿ, ಬಳಿಕ ಅಷ್ಟು ವಿಷವಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಸ್ಪಂಜು, ಮರಳಿನಲ್ಲಿ ನೆಲೆಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ಬೇರೂರಲು 4ರಿಂದ 6 ವಾರ ಬೇಕು. ಪೂರ್ತಿ ತೊಳೆದರೆ ಮತ್ತೆ ಮೊದಲಿನಿಂದ. ವಾರಕ್ಕೆ ಕಾಲುಭಾಗ ನೀರು ಬದಲಿಸಿ, ಹೊರತೆಗೆದ ಅದೇ ನೀರಿನಲ್ಲಿ ಸ್ಪಂಜು ಹಿಂಡಿ.

ತಪ್ಪು ಕಲ್ಪನೆ: ಬೋರ್‌ವೆಲ್ ನೀರಿಗಿಂತ ಆರ್‌ಒ ನೀರೇ ಒಳ್ಳೆಯದು.
ಸತ್ಯ: ಬಂಬಲ್‌ಬೀ ಗೋಬಿಗೆ ಗಡಸು, ಕ್ಷಾರೀಯ ನೀರು ಹಿಡಿಸುತ್ತದೆ. ಬರೀ ಆರ್‌ಒ ನೀರಿನಲ್ಲಿ ಖನಿಜಾಂಶ ತೀರಾ ಕಡಿಮೆ. ಆಗತಾನೇ ಮೇಲೆ ಬಂದ ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಒಂದು ದಿನ ಏರ್ ಪಂಪ್ ಹಾಕಿಟ್ಟು ಬಳಸಿ.

ತಪ್ಪು ಕಲ್ಪನೆ: ಕೆರೆಯ ಗೋಬಿಯನ್ನೇ ಹಿಡಿದು ತಂದರಾಯಿತು.
ಸತ್ಯ: ನಮ್ಮ ನದಿ-ಕೆರೆಗಳ ಗೋಬಿ ಗ್ಲಾಸೊಗೋಬಿಯಸ್ ಜ್ಯೂರಿಸ್. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ ಇದನ್ನು ವರ್ಣಿಸಿದ. ಇದು 20 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ಜೊತೆಗಿರುವ ಚಿಕ್ಕ ಮೀನನ್ನು ನುಂಗುತ್ತದೆ. ಹಾಗೆಯೇ ಅಂಗಡಿಯ ಮೀನನ್ನು ಸುವರ್ಣಾವತಿ ಹೊಳೆಗೋ ಚಿಕ್ಕಹೊಳೆಗೋ ಬಿಡಬೇಡಿ; ಹೊರಗಿನ ರೋಗ ಅಲ್ಲಿನ ಮೀನಿಗೆ ಹರಡಬಹುದು. ಸಾಕಲು ಆಗದಿದ್ದರೆ, ಸಾಕಬಲ್ಲ ಇನ್ನೊಬ್ಬರಿಗೆ ಕೊಡಿ.